ದೀರ್ಘಕಾಲಿಕ ನೋವು: ವಂಶವಾಹಿ, ಮನಸ್ಸು, ದುಡಿಮೆ

ಮೂರು ತಿಂಗಳು ಕಳೆದರೂ ಹೋಗದ, ಅಥವಾ ಹೋದಂತೆ ಕಂಡು ಮತ್ತೆ ಮತ್ತೆ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ನೋವು ಎಂದು ಕರೆಯುತ್ತದೆ. ಈ ಗಡಿಯನ್ನು ಹಾಕಿಕೊಂಡಿರುವುದಕ್ಕೆ ಕಾರಣವಿದೆ: ಸ್ನಾಯು, ಮೂಳೆ, ಚರ್ಮಗಳಿಗೆ ಬಿದ್ದ ಪೆಟ್ಟು ಸಾಮಾನ್ಯವಾಗಿ ಅಷ್ಟರೊಳಗೆ ಮಾಯುತ್ತದೆ, ಮಾಯ್ದ ಮೇಲೂ ನೋವು ಉಳಿದರೆ ಅದನ್ನು ಪೆಟ್ಟಿನ ಲೆಕ್ಕಕ್ಕೇ ಬರೆದು ಸುಮ್ಮನಾಗುವಂತಿಲ್ಲ. ಆದರೆ ಇಂತಹ ನೋವನ್ನು ಹೊತ್ತು ಆಸ್ಪತ್ರೆಯ ಮೆಟ್ಟಿಲು ಹತ್ತುವವರಿಗೆ, ಉಡುಪಿ ಜಿಲ್ಲೆಯಲ್ಲಿ ಮಾತ್ರವಲ್ಲ ದೇಶದ ಬಹುಭಾಗದಲ್ಲಿ, ಸಿಗುವ ಉತ್ತರಗಳು ಹೆಚ್ಚಾಗಿ ಎರಡೇ. ಎಕ್ಸ್‌ರೇಯಲ್ಲೋ ಎಂಆರ್‌ಐಯಲ್ಲೋ ಏನಾದರೂ ಕಂಡರೆ 'ಸವೆತ' ಎಂಬ ಉತ್ತರ, ಏನೂ ಕಾಣದಿದ್ದರೆ 'ಏನೂ ಇಲ್ಲ, ಟೆನ್ಶನ್ ಮಾಡ್ಕೊಳ್ಬೇಡಿ' ಎಂಬ ಉತ್ತರ. ಮೊದಲನೆಯದು ರೋಗಿಯನ್ನು ಎಲುಬಿನ ವೈದ್ಯರ ಬಳಿ ನಿಲ್ಲಿಸುತ್ತದೆ, ಎರಡನೆಯದು ಅವಮಾನದೊಂದಿಗೆ ಮನೆಗೆ ಕಳುಹಿಸುತ್ತದೆ. ಎರಡರ ಹಿಂದೆಯೂ ಇರುವುದು ಒಂದೇ ತಪ್ಪು ತಿಳಿವಳಿಕೆ: ನೋವು ದೇಹದ್ದೋ ಮನಸ್ಸಿನದೋ ಎಂಬುದನ್ನು ಮೊದಲು ತೀರ್ಮಾನಿಸಬೇಕು, ಆಮೇಲೆ ಚಿಕಿತ್ಸೆ ಎಂಬ ತಿಳಿವಳಿಕೆ. ಕಳೆದ 60 ವರ್ಷಗಳ ನರವಿಜ್ಞಾನವೂ ಇತ್ತೀಚಿನ 20 ವರ್ಷಗಳ ತಳಿವಿಜ್ಞಾನವೂ ಈ ವಿಂಗಡಣೆಗೆ ಆಧಾರವನ್ನು ಉಳಿಸಿಲ್ಲ. ಚಿಕಿತ್ಸೆಯ ವ್ಯವಸ್ಥೆ ಮಾತ್ರ ಇನ್ನೂ ಅದರ ಮೇಲೆಯೇ ನಿಂತಿದೆ.

ಚಿತ್ರದಲ್ಲಿ ಕಾಣುವುದಕ್ಕೂ ಅನುಭವಕ್ಕೆ ಬರುವುದಕ್ಕೂ ಇರುವ ಅಂತರವನ್ನು ಮೊದಲು ನೋಡಬೇಕು. ಬೆನ್ನುನೋವೇ ಇಲ್ಲದವರ ಬೆನ್ನೆಲುಬಿನ ಸ್ಕ್ಯಾನ್‌ಗಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, 20ರ ವಯಸ್ಸಿನವರಲ್ಲೇ ಶೇ. 37ರಷ್ಟು ಮಂದಿಗೆ ಕಶೇರುಕಗಳ ನಡುವಿನ ಡಿಸ್ಕ್ ಸವೆದಿರುವುದು ಕಾಣುತ್ತದೆ, 80ರ ವಯಸ್ಸಿಗೆ ಈ ಪ್ರಮಾಣ ಶೇ. 96ಕ್ಕೆ ಏರುತ್ತದೆ. ಇವರಾರಿಗೂ ನೋವಿರಲಿಲ್ಲ. ಹಾಗೆಂದು ಡಿಸ್ಕ್ ಜಾರಿ ನರವನ್ನು ಒತ್ತುವುದು ಸುಳ್ಳಲ್ಲ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಶಸ್ತ್ರಚಿಕಿತ್ಸಕರನ್ನು ಕಾಣಲೇಬೇಕು. ಆದರೆ ಸವೆತವೆಂಬ ಒಂದು ಪದವನ್ನು ರಿಪೋರ್ಟಿನಲ್ಲಿ ಓದಿದ ಮಾತ್ರಕ್ಕೆ ತನ್ನ ಬೆನ್ನು ಇನ್ನು ಬಾಗಬಾರದು, ಭಾರ ಎತ್ತಬಾರದು ಎಂದು ನಂಬಿ ಚಲನವಲನವನ್ನೇ ಕಡಿಮೆ ಮಾಡಿಕೊಂಡ ವ್ಯಕ್ತಿಗೆ ಆ ಹೆದರಿಕೆಯೇ ನೋವನ್ನು ಹೆಚ್ಚಿಸುವ ಕಾರಣವಾಗುತ್ತದೆ. ಬಳಸದ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ನೋಯುತ್ತದೆ.

ನರಮಂಡಲದಲ್ಲಿ ನೋವು ಹುಟ್ಟುವ ಬಗೆಯನ್ನು ಅರಿತರೆ ಇದು ವಿಚಿತ್ರವೆನಿಸದು. ಚರ್ಮ, ಕೀಲು, ಸ್ನಾಯುಗಳಲ್ಲಿರುವ ಸೂಕ್ಷ್ಮ ನರತುದಿಗಳು ಬಿಸಿ, ಒತ್ತಡ, ಉರಿಯೂತದ ರಾಸಾಯನಿಕಗಳಂತಹ ಅಪಾಯದ ಸೂಚನೆಗಳನ್ನು ಗ್ರಹಿಸಿ ಬೆನ್ನುಹುರಿಗೆ ಸಂಕೇತ ಕಳುಹಿಸುತ್ತವೆ. ಈ ಸಂಕೇತ ಇನ್ನೂ ನೋವಲ್ಲ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ 'ದ್ವಾರ ನಿಯಂತ್ರಣ' ಸಿದ್ಧಾಂತವು, ಬೆನ್ನುಹುರಿಯೊಳಗೇ ಈ ಸಂಕೇತಗಳನ್ನು ತಗ್ಗಿಸುವ ಇಲ್ಲವೇ ಮುಂದಕ್ಕೆ ಬಿಡುವ ಏರ್ಪಾಡಿದೆಯೆಂದೂ, ಆ ಏರ್ಪಾಡಿನ ಮೇಲೆ ಮಿದುಳಿನಿಂದ ಕೆಳಗಿಳಿದು ಬರುವ ನರಮಾರ್ಗಗಳ ಹತೋಟಿ ಇದೆಯೆಂದೂ ಹೇಳಿತು. ಸಿದ್ಧಾಂತದ ಹಲವು ವಿವರಗಳು ಮುಂದೆ ತಿದ್ದುಪಡಿಗೆ ಒಳಗಾದವು, ತಿರುಳು ಮಾತ್ರ ಉಳಿಯಿತು. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಗಳ ಮೇಲಿನ ಪ್ರಯೋಗದಿಂದ, ಪೆಟ್ಟಿನ ಸಂಕೇತಗಳು ಬಲವಾಗಿ ಬರುತ್ತಿದ್ದರೆ ಬೆನ್ನುಹುರಿಯ ನರಕೋಶಗಳೇ ಬದಲಾಗಿ, ಆಮೇಲೆ ಅಲ್ಪ ಪ್ರಚೋದನೆಗೂ ದೊಡ್ಡ ಪ್ರತಿಕ್ರಿಯೆ ತೋರುತ್ತವೆ ಎಂಬುದನ್ನು ತೋರಿಸಿದರು. ಇದಕ್ಕೆ ಕೇಂದ್ರೀಯ ಅತಿಸಂವೇದನೆ ಎಂದು ಹೆಸರು. ಗುಡ್ಡದ ಹುಲ್ಲಿನಲ್ಲಿ ದಿನವೂ ಜನ ನಡೆದಲ್ಲಿ ತಾನಾಗಿಯೇ ಕಾಲುದಾರಿ ಬೀಳುವಂತೆ, ನೋವಿನ ಸಂಕೇತ ಹಾಯ್ದ ನರಮಾರ್ಗ ಮತ್ತೆ ಹಾಯುವುದಕ್ಕೆ ಸುಲಭವಾಗುತ್ತದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯು ನೋವನ್ನು ಸಂವೇದನೆಯೂ ಭಾವನೆಯೂ ಸೇರಿದ ಅಹಿತಕರ ಅನುಭವವೆಂದು ಗುರುತಿಸಿ, ಅದಕ್ಕೆ ಅಂಗಾಂಶದ ಹಾನಿ ಇರಲೇಬೇಕೆಂದಿಲ್ಲ, ಹಾನಿಯಾದಾಗ ಆಗುವಂತಹ ಅನುಭವವಾದರೂ ಸಾಕು ಎಂದಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ದೀರ್ಘಕಾಲಿಕ ಪ್ರಾಥಮಿಕ ನೋವು ಎಂಬ ಹೆಸರಿನಲ್ಲಿ ಅದು ತಾನೇ ಒಂದು ಕಾಯಿಲೆಯಾಗಿ ಸ್ಥಾನ ಪಡೆದಿದೆ. ಬೇರೆ ಯಾವುದೋ ಕಾಯಿಲೆಯ ಲಕ್ಷಣವಾಗಿ ಮಾತ್ರ ನೋವನ್ನು ಕಾಣುತ್ತಿದ್ದ ಕಾಲ ಶಾಸ್ತ್ರದ ಮಟ್ಟಿಗೆ ಮುಗಿದಂತೆಯೇ.

ಒಬ್ಬರ ನರಮಂಡಲ ಬೇಗ ಅತಿಸಂವೇದಿಯಾಗುತ್ತದೆ, ಇನ್ನೊಬ್ಬರದು ಆಗುವುದಿಲ್ಲ, ಇದಕ್ಕೆ ಕಾರಣವೇನು ಎಂಬ ಪ್ರಶ್ನೆ ತಳಿವಿಜ್ಞಾನಕ್ಕೆ ಸೇರಿದ್ದು. ಅದರ ಉತ್ತರ ಎರಡು ಬಗೆಯದಾಗಿದ್ದು, ಎರಡನ್ನೂ ಬೆರೆಸಿದರೆ ಗೊಂದಲವಾಗುತ್ತದೆ. ಮೊದಲನೆಯದು ಒಂದೇ ವಂಶವಾಹಿಯ ದೋಷದಿಂದ ಬರುವ ಅಪರೂಪದ ಕಾಯಿಲೆಗಳದು. ನೋವಿನ ನರಗಳಲ್ಲಿ ಸೋಡಿಯಂ ಅಯಾನುಗಳನ್ನು ಒಳಬಿಡುವ ಒಂದು ಪ್ರೋಟೀನ್ ದ್ವಾರವನ್ನು ರೂಪಿಸುವ ಎಸ್‌ಸಿಎನ್9ಎ ಎಂಬ ವಂಶವಾಹಿ ಪೂರ್ತಿ ಕೆಟ್ಟರೆ ಮನುಷ್ಯನಿಗೆ ಹುಟ್ಟಿನಿಂದಲೇ ನೋವೆಂಬುದು ಗೊತ್ತಾಗುವುದಿಲ್ಲ. ಪಾಕಿಸ್ತಾನದ ಮೂರು ಕುಟುಂಬಗಳಲ್ಲಿ ಇದನ್ನು ಗುರುತಿಸಿದ ವರದಿ 2006ರಲ್ಲಿ ಬಂತು. ಆ ಅಧ್ಯಯನಕ್ಕೆ ಪ್ರೇರಣೆಯಾದ ಬಾಲಕನೊಬ್ಬ ಕೆಂಡ ತುಳಿದು, ತೋಳಿಗೆ ಚಾಕು ಚುಚ್ಚಿಕೊಂಡು ಬೀದಿಯಲ್ಲಿ ಪ್ರದರ್ಶನ ನೀಡುತ್ತಿದ್ದು, 14 ತುಂಬುವ ಮೊದಲೇ ಮನೆಯ ಮಾಡಿನಿಂದ ಹಾರಿ ತೀರಿಕೊಂಡನು. ನೋವಿಲ್ಲದ ಬದುಕು ವರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದೇ ವಂಶವಾಹಿಯ ಬೇರೊಂದು ದೋಷದಿಂದ ಕೈಕಾಲು ಕೆಂಪಾಗಿ ಬೆಂಕಿ ಬಿದ್ದಂತೆ ಉರಿಯುವ ಕಾಯಿಲೆ ಬರುತ್ತದೆ ಎಂಬುದು 2004ರಲ್ಲೇ ತಿಳಿದಿತ್ತು.

ಕರ್ನಾಟಕಕ್ಕೆ ಇಂತಹ ಕಾಯಿಲೆಯ ಕಥೆ ಹೊಸದಲ್ಲ. ಉಡುಪಿಯಿಂದ ಘಟ್ಟ ಹತ್ತಿದರೆ ಸಿಗುವ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಬೆಳಕಿಗೆ ಬಂದ ಕಾಯಿಲೆ ಆ ಊರಿನ ಹೆಸರನ್ನೇ ಹೊತ್ತಿದೆ. ಗದ್ದೆ ಕೂಲಿ ಮಾಡಿ ಬದುಕುವ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿಗಳ ಕೀಲು ಕೆಟ್ಟು, ಕೆಲವರು ಗಿಡ್ಡರಾಗಿ ಉಳಿದು, ಹಲವರು ನಡೆಯಲಾರದೆ ತೆವಳುವಂತಾದರು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಮೊದಮೊದಲು ಬಲವಾಗಿ ಹಬ್ಬಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತನಿಖೆಗಳು, ಇದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲ ಆನುವಂಶಿಕ ಮೂಳೆ-ಕೀಲು ದೋಷವೆಂದು ತೋರಿಸಿದವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾರಣ ವಂಶವಾಹಿಯಲ್ಲಿದೆ ಎಂದು ತಿಳಿದದ್ದರಿಂದ ಆ ಜನರ ನೋವು ಕಡಿಮೆಯಾಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ನೋವಿನ ಔಷಧ, ಕೀಲಿನ ಶಸ್ತ್ರಚಿಕಿತ್ಸೆ, ಪಿಂಚಣಿ, ಮಕ್ಕಳಿಗೆ ಶಾಲೆ. ಆನುವಂಶಿಕ ಎಂಬ ಮಾತು 'ಇನ್ನೇನು ಮಾಡಲಾಗದು' ಎಂಬ ಮಾತಿಗೆ ತಿರುಗುವುದು ಎಷ್ಟು ಸುಲಭವೆಂಬುದನ್ನು ಹಂದಿಗೋಡಿನ ದಶಕಗಳು ತೋರಿಸಿವೆ.

ಒಂದೇ ವಂಶವಾಹಿಯ ಕಾಯಿಲೆಗಳಲ್ಲಿ ಪರೀಕ್ಷೆಯಿಂದ ನಿಜವಾದ ಪ್ರಯೋಜನವೂ ಇದೆ. ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಇಂದು ವೈದ್ಯಕೀಯ ತಳಿವಿಜ್ಞಾನಕ್ಕೇ ಒಂದು ವಿಭಾಗವಿದ್ದು, ಮೂಳೆ ಬೆಳವಣಿಗೆಯ ಆನುವಂಶಿಕ ದೋಷಗಳ ಅಧ್ಯಯನಕ್ಕೆ ಅದು ಹೆಸರಾಗಿದೆ. ಅಲ್ಲಿಯ ಸಂಶೋಧಕರು ಅಧ್ಯಯನ ಮಾಡಿದ ಕಾಯಿಲೆಗಳಲ್ಲೊಂದು, ಮೂರು-ನಾಲ್ಕು ವರ್ಷ ತುಂಬಿದ ಬಳಿಕ ಮಗುವಿನ ಬೆರಳು, ಮಂಡಿ, ಸೊಂಟದ ಕೀಲುಗಳು ಒಂದೊಂದಾಗಿ ಬಿಗಿದು, ಉಬ್ಬಿ, ನೋಯತೊಡಗುವ ಕಾಯಿಲೆ. ನೋಡುವುದಕ್ಕೆ ಮಕ್ಕಳ ಸಂಧಿವಾತದಂತೆಯೇ ಇದ್ದರೂ ಕೀಲಿನಲ್ಲಿ ಉರಿಯೂತವಿರುವುದಿಲ್ಲ. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ತಲೆದೋರುವ ಒಂದು ವಂಶವಾಹಿಯ ದೋಷ ಅದರ ಮೂಲ. ಇದನ್ನು ಸಂಧಿವಾತವೆಂದು ಭಾವಿಸಿದರೆ ಮಗು ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗಬೇಕಾಗುತ್ತದೆ, ಅದರಿಂದ ಲಾಭವಿಲ್ಲ, ಹಾನಿ ಮಾತ್ರ ಖಚಿತ. ವಂಶವಾಹಿ ಪರೀಕ್ಷೆಯ ಒಂದು ಫಲಿತಾಂಶ ಆ ಮಗುವನ್ನು ಅಷ್ಟರಿಂದ ಪಾರು ಮಾಡುತ್ತದೆ, ಮುಂದಿನ ಬಸಿರಿನ ಬಗ್ಗೆ ತಂದೆತಾಯಿಗೆ ಸ್ಪಷ್ಟ ಮಾತು ಹೇಳಲು ವೈದ್ಯರಿಗೆ ಆಧಾರವಾಗುತ್ತದೆ.

ಆದರೆ ಊರಿನ ಬಹುಪಾಲು ಜನರ ಸೊಂಟನೋವು, ತಲೆನೋವು, ಮೈಕೈ ನೋವುಗಳು ಈ ಜಾತಿಗೆ ಸೇರಿದವಲ್ಲ. ಅಲ್ಲಿ ಕೆಲಸ ಮಾಡುವುದು ನೂರಾರು ವಂಶವಾಹಿಗಳ ಸಣ್ಣ ಸಣ್ಣ ವ್ಯತ್ಯಾಸಗಳು, ಒಂದೊಂದರ ಪ್ರಭಾವವೂ ಅತ್ಯಲ್ಪ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಬೃಹತ್ ಸಂಗ್ರಹದ ಸುಮಾರು 3,80,000 ಜನರ ಮಾಹಿತಿಯನ್ನು ಬಳಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಮೈಯ ಹಲವು ಕಡೆ ದೀರ್ಘಕಾಲ ನೋವಿರುವುದಕ್ಕೂ ವರ್ಣತಂತುಗಳ 39 ಸ್ಥಾನಗಳಿಗೂ ನಂಟಿರುವುದನ್ನು ಗುರುತಿಸಿತು. ನೋವಿನಲ್ಲಿ ಜನರ ನಡುವೆ ಕಾಣುವ ಅಂತರದಲ್ಲಿ ಆ ಬಗೆಯ ಸಾಮಾನ್ಯ ವ್ಯತ್ಯಾಸಗಳೆಲ್ಲ ಸೇರಿ ವಿವರಿಸಬಲ್ಲ ಪಾಲು ಶೇ. 10ರಷ್ಟು. ಅದಕ್ಕಿಂತ ಮುಖ್ಯವಾದದ್ದು ಅದೇ ಅಧ್ಯಯನದ ಇನ್ನೊಂದು ಅಂಶ: ನೋವಿನತ್ತ ವಾಲಿಸುವ ಆನುವಂಶಿಕ ವ್ಯತ್ಯಾಸಗಳಿಗೂ ತೀವ್ರ ಖಿನ್ನತೆಯತ್ತ ವಾಲಿಸುವ ವ್ಯತ್ಯಾಸಗಳಿಗೂ ನಡುವಣ ಸಹಸಂಬಂಧ 0.53 ಎಂದು ಅದು ಕಂಡುಕೊಂಡಿತು. ಸಹಸಂಬಂಧವೆಂದರೆ ಎರಡು ಸಂಗತಿಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದರ ಅಳತೆ. ಸೊನ್ನೆಯೆಂದರೆ ನಂಟಿಲ್ಲ, 1 ಎಂದರೆ ಪೂರ್ಣ ನಂಟು. 0.53 ಸಣ್ಣ ಅಂಕಿಯಲ್ಲ. ಖಿನ್ನತೆಯು ನೋವಿನ ಮೇಲೆ ಆಮೇಲೆ ಬಂದು ಕೂರುವ ಮನಸ್ಸಿನ ದುರ್ಬಲತೆ ಎಂಬ ಮಾತಿಗೂ, ನೋವೇ ಖಿನ್ನತೆಯ ವೇಷ ಎಂಬ ಮಾತಿಗೂ ಇದು ಸಮನಾಗಿ ಪೆಟ್ಟು ಕೊಡುತ್ತದೆ. ಎರಡಕ್ಕೂ ಒಂದಷ್ಟು ಬೇರುಗಳು ಹುಟ್ಟಿಗೆ ಮೊದಲೇ ಹೆಣೆದುಕೊಂಡಿವೆ.

ಇಷ್ಟರಿಂದ ವಂಶವಾಹಿ ಪರೀಕ್ಷೆ ಮಾಡಿಸಿ ಯಾರಿಗೆ ನೋವು ಬರುತ್ತದೆಂದು ಮೊದಲೇ ಹೇಳಬಹುದೆಂದು ಭಾವಿಸುವುದು ತಪ್ಪು. ಆನುವಂಶಿಕ ಪಾಲು ಎಂಬುದು ಒಂದು ಜನಸಮುದಾಯದೊಳಗಿನ ವ್ಯತ್ಯಾಸದ ಲೆಕ್ಕವೇ ಹೊರತು ಒಬ್ಬ ವ್ಯಕ್ತಿಯ ಹಣೆಬರಹವಲ್ಲ. ಯುಕೆ ಬಯೋಬ್ಯಾಂಕಿನಲ್ಲಿ ಇರುವವರು ಬಹುಪಾಲು ಯುರೋಪಿಯನ್ ಮೂಲದವರಾದ್ದರಿಂದ, ಅಲ್ಲಿನ ಅಂಕಿಗಳನ್ನು ತುಳುನಾಡಿನ ಮೊಗವೀರರಿಗೋ ಬಿಲ್ಲವರಿಗೋ ಕೊಂಕಣಿಗರಿಗೋ ನೇರವಾಗಿ ಅನ್ವಯಿಸುವಂತೆಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ಜೀನೋಮ್ ಇಂಡಿಯಾ ಯೋಜನೆಯು ದೇಶದ 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ವಂಶವಾಹಿ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟದ್ದು ಈ ಕೊರತೆಯನ್ನು ನೀಗಿಸುವ ಮೊದಲ ಹೆಜ್ಜೆ. ಕರಾವಳಿಯ ಮಟ್ಟಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಹೆಣ್ಣು ನೋಡುವ ಮೊದಲು ಆ ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ ಎಂದು ಗುಟ್ಟಾಗಿ ವಿಚಾರಿಸುವ ಸಮಾಜದಲ್ಲಿ, ಖಿನ್ನತೆಗೂ ನೋವಿಗೂ ವಂಶದ ನಂಟಿದೆ ಎಂಬ ಅರೆತಿಳಿವಳಿಕೆ ಹೊಸ ಕಳಂಕವಾಗಿ ಬೆಳೆಯಬಹುದು. ಈ ವ್ಯತ್ಯಾಸಗಳು ಅಷ್ಟಿಷ್ಟು ಎಲ್ಲ ಕುಟುಂಬಗಳಲ್ಲೂ ಇವೆ ಎಂಬುದನ್ನು ಆ ನಂಟಿನ ಮಾತಿನೊಂದಿಗೇ ಹೇಳಬೇಕು.

ವಾಲಿಕೆ ವಂಶದಿಂದ ಬಂದರೂ ಅದನ್ನು ನೋವಾಗಿಸುವುದು ಬದುಕು. ಉಡುಪಿ ಜಿಲ್ಲೆಯಲ್ಲಿ ಹೆಂಗಸರ ನೋವಿನ ಮಾತೆತ್ತಿದರೆ ಬೀಡಿಯನ್ನೂ ಗೇರುಬೀಜವನ್ನೂ ಬಿಟ್ಟು ಮಾತಾಡುವುದು ಅಪ್ರಾಮಾಣಿಕವಾಗುತ್ತದೆ. ಕಾಪು, ಕಾರ್ಕಳದ ಒಳನಾಡಿನ ಮನೆಗಳಲ್ಲಿ ಬೆಳಗಿನ ಕೆಲಸ ಮುಗಿದ ಮೇಲೆ ಜಗಲಿಯ ನೆಲದಲ್ಲಿ ಕೂತು, ತೊಡೆಯ ಮೇಲೆ ತಡ್ಪೆ ಎಂಬ ಮೊರ ಇಟ್ಟುಕೊಂಡು, ಒದ್ದೆ ಮಾಡಿಟ್ಟ ಎಲೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುರುಟಿ, ತುದಿ ಮಡಚಿ ನೂಲು ಸುತ್ತುವ ಕೆಲಸದಲ್ಲಿ ಕತ್ತು ಗಂಟೆಗಟ್ಟಲೆ ಬಗ್ಗಿಯೇ ಇರುತ್ತದೆ, ಎರಡು ಹೆಬ್ಬೆರಳು ತೋರುಬೆರಳುಗಳು ಒಂದೇ ಚಲನೆಯನ್ನು ಸಾವಿರ ಬಾರಿ ಮಾಡುತ್ತವೆ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದಿರುವುದರಿಂದ ಎದ್ದು ಮೈ ಚಾಚಿದ ಹೊತ್ತು ಕಟ್ಟದ ಬೀಡಿಯಾಗುತ್ತದೆ, ಸಂಜೆಯೊಳಗೆ ಬೀಡಿ ಕಂಪನಿಯ ಬ್ರ್ಯಾಂಚಿಗೆ ಒಯ್ದು ಕೊಡುವ ತುರ್ತು ಬೇರೆ. ಗೇರುಬೀಜ ಕಾರ್ಖಾನೆಯಲ್ಲಿ ಬೀಜ ಒಡೆಯುವವರ ಭುಜ, ಸಿಪ್ಪೆ ಸುಲಿಯುವವರ ಸೊಂಟ ಇದೇ ಕಥೆ ಹೇಳುತ್ತವೆ. ಮಣಿಪಾಲದ ಫಿಸಿಯೊಥೆರಪಿ ಸಂಶೋಧಕರು ಈ ಕಾರ್ಖಾನೆಗಳ ಕೆಲಸಗಾರರ ಸ್ನಾಯು-ಮೂಳೆ ತೊಂದರೆಗಳನ್ನು ಅಧ್ಯಯನದ ವಸ್ತುವಾಗಿಸಿದ್ದಾರೆ. ದುಡಿಮೆಯ ಈ ಭಂಗಿಯ ಜೊತೆಗೆ ಸಾಲ, ಗಂಡನ ಕುಡಿತ, ಗಲ್ಫಿಗೆ ಹೋದವರ ಸುದ್ದಿಗಾಗಿ ಕಾಯುವುದು, ನಿದ್ದೆಗೇಡು ಸೇರಿದಾಗ ಬೆನ್ನುಹುರಿಯ ಅತಿಸಂವೇದನೆಗೆ ಬೇಕಾದ ಎಲ್ಲವೂ ಕೂಡಿಬಂದಂತೆ. ನಿದ್ದೆ ಕೆಟ್ಟ ಮರುದಿನ ಆರೋಗ್ಯವಂತರಲ್ಲೂ ನೋವಿನ ಸಹನೆ ತಗ್ಗುವುದು ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ.

ಈ ಹೆಂಗಸರು ವೈದ್ಯರ ಮುಂದೆ ಸಂಕಟವನ್ನಲ್ಲ, ಮೈನೋವನ್ನು ಹೇಳುತ್ತಾರೆ. ಅದು ಅವರ ಅಜ್ಞಾನವಲ್ಲ, ಲೆಕ್ಕಾಚಾರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್, ಚನ್ನಬಸವಣ್ಣ ಮೊದಲಾದವರು 80 ಹೊರರೋಗಿಗಳ ಮೇಲೆ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿದೆ. ಖಿನ್ನತೆಯ ಲಕ್ಷಣಗಳು ಹೆಚ್ಚಿದಂತೆ ಕಳಂಕದ ಭಾವ ಹೆಚ್ಚುತ್ತಿತ್ತು, ದೈಹಿಕ ಲಕ್ಷಣಗಳನ್ನು ಹೆಚ್ಚಾಗಿ ಹೇಳಿಕೊಂಡವರಲ್ಲಿ ಅದು ಕಡಿಮೆಯಿತ್ತು. ಮೈನೋವು ಯಾರಿಗೂ ಬರುವಂಥದ್ದು, ಅದನ್ನು ಹೇಳಿಕೊಂಡರೆ ಮದುವೆ ತಪ್ಪುವುದಿಲ್ಲ, ಮನಸ್ಸಿನ ನೋವನ್ನು ಹೇಳಿಕೊಂಡರೆ ತಪ್ಪಬಹುದು. ಈ ಕಳಂಕ ಚಿಕಿತ್ಸೆಯನ್ನೇ ಕೆಡಿಸುವುದೂ ಉಂಟು. ನರಸಂಬಂಧಿ ನೋವಿಗೆ ರಾತ್ರಿ ಮಲಗುವಾಗ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆಯ ಪ್ರಮಾಣ 10 ಅಥವಾ 25 ಮಿಲಿಗ್ರಾಮ್, ಖಿನ್ನತೆಗೆ ಬೇಕಾದ ಪ್ರಮಾಣ ಅದರ ಹಲವು ಪಟ್ಟು. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನೋವು ತಗ್ಗಿಸುವ ಮಾರ್ಗಗಳಲ್ಲಿ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹೆಚ್ಚು ಹೊತ್ತು ನಿಲ್ಲುವಂತೆ ಮಾಡುವುದು ಅದರ ಕೆಲಸ. ಆದರೆ 'ಇದು ಡಿಪ್ರೆಶನ್ ಮಾತ್ರೆ' ಎಂದು ಮೆಡಿಕಲ್‌ನಲ್ಲಿಯೋ ನೆಂಟರ ಬಾಯಲ್ಲಿಯೋ ಕೇಳಿದ ದಿನವೇ ಅದನ್ನು ನಿಲ್ಲಿಸಿ, ಚೀಟಿಯಿಲ್ಲದೆ ಸಿಗುವ ನೋವಿನ ಗುಳಿಗೆಗೆ ಮರಳುವವರಿದ್ದಾರೆ. ಆ ಗುಳಿಗೆ ವರ್ಷಗಟ್ಟಲೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಮಾಡುವ ಹಾನಿ, ನಿಲ್ಲಿಸಿದ ಮಾತ್ರೆಯ ಹಾನಿಗಿಂತ ಬಹಳ ದೊಡ್ಡದು. ಮಾತ್ರೆ ಬರೆಯುವಾಗಲೇ ಅದು ಬೆನ್ನುಹುರಿಯಲ್ಲಿ ಏನು ಮಾಡುತ್ತದೆಂದು ಎರಡು ಮಾತಿನಲ್ಲಿ ಹೇಳಿದರೆ ತಪ್ಪಬಹುದಾದ ಹಾನಿ ಇದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ನೋವಿಗೂ ಮನಸ್ಸಿಗೂ ನಂಟಿದೆ ಎಂದು ಒಪ್ಪಿದ ಕೂಡಲೇ ವೈದ್ಯರೂ ಮಾಲೀಕರೂ ಮನೆಯವರೂ ಅದನ್ನು ನೋವನ್ನು ಅಲ್ಲಗಳೆಯುವುದಕ್ಕೆ ಬಳಸಿಕೊಳ್ಳುತ್ತಾರೆ, ಅದರಲ್ಲೂ ಹೆಂಗಸರ ನೋವನ್ನು ಹಿಸ್ಟೀರಿಯಾ ಎಂದು ತಳ್ಳಿಹಾಕಿದ ದೀರ್ಘ ಇತಿಹಾಸವಿದೆ ಎಂಬುದು ಆ ಆಕ್ಷೇಪ. ಇತಿಹಾಸ ನಿಜ, ಹೆದರಿಕೆಯೂ ನ್ಯಾಯವಾದದ್ದೇ. ಆದರೆ ಅದಕ್ಕೆ ಪರಿಹಾರವಾಗಿ ನಂಟನ್ನೇ ನಿರಾಕರಿಸಿದರೆ ರೋಗಿಗೆ ಸಿಗಬೇಕಾದ ಅರ್ಧ ಚಿಕಿತ್ಸೆ ತಪ್ಪಿಹೋಗುತ್ತದೆ. ಆತಂಕದಲ್ಲಿ ಹೃದಯ ಹೊಡೆದುಕೊಳ್ಳುವುದನ್ನು ಯಾರೂ ಸುಳ್ಳೆನ್ನುವುದಿಲ್ಲ. ಖಿನ್ನತೆಯ ಜೊತೆಗೂಡಿ ಬಂದ ನೋವೂ ಅಷ್ಟೇ ನಿಜ, ಅದು ಹಾಯುವ ನರಗಳೂ ಅವೇ, ಮಿದುಳಿನ ಭಾಗಗಳೂ ಅವೇ. ಬದಲಾಗಬೇಕಾದದ್ದು ಮನಸ್ಸಿಗೆ ಸೇರಿದ್ದೆಲ್ಲ ಕಲ್ಪಿತವೆಂಬ ಹಳೆಯ ನಂಬಿಕೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮಾ ರಕ್ಷಣೆ ಕೊಡಬೇಕೆಂದು ವಿಧಿಸಿ ಆ ನಂಬಿಕೆಗೆ ಕಾನೂನಿನಲ್ಲಿ ಜಾಗವಿಲ್ಲದಂತೆ ಮಾಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ದೀರ್ಘಕಾಲಿಕ ನೋವು ಮಾತ್ರ ಇಲ್ಲ. ನೋವು ಕಾಣುವುದಿಲ್ಲವೆಂಬ ಕಾರಣಕ್ಕೆ ಅದು ಲೆಕ್ಕಕ್ಕೇ ಬರದಂತಾಗಿರುವುದು ಅನ್ಯಾಯ.

ಈ ಜಿಲ್ಲೆಗೆ ಇಲ್ಲದಿರುವುದು ತಜ್ಞರಲ್ಲ. ಮಣಿಪಾಲದಲ್ಲಿ ತಳಿವಿಜ್ಞಾನ, ಮನೋವೈದ್ಯಕೀಯ, ಉಪಶಾಮಕ ಆರೈಕೆ, ಫಿಸಿಯೊಥೆರಪಿಗಳೆಲ್ಲವೂ ಒಂದೇ ಗುಡ್ಡದ ಮೇಲಿವೆ, ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮಾನಸಿಕ ಚಿಕಿತ್ಸೆಗೇ ಹೆಸರಾಗಿದೆ. ಆದರೂ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆಯೇ ಸಿಗದವರ ಪ್ರಮಾಣ ಶೇ. 70ರಿಂದ 92 ಎಂದು ಲೆಕ್ಕ ಹಾಕಿರುವಾಗ, ತಜ್ಞರು ಹತ್ತಿರವಿದ್ದ ಮಾತ್ರಕ್ಕೆ ಕಾರ್ಕಳದ ಹಳ್ಳಿಯ ಹೆಂಗಸು ಅವರ ಬಾಗಿಲು ತಟ್ಟುತ್ತಾಳೆಂದು ನಂಬುವಂತಿಲ್ಲ. ಅವಳು ಬರುವುದು ಮಂಡಿನೋವಿಗೆ, ಬರುವುದು ತಾಲ್ಲೂಕು ಆಸ್ಪತ್ರೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಆದ್ದರಿಂದ ಕೆಲಸ ಅಲ್ಲಿಯೇ ಆಗಬೇಕು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯ ಕ್ಲಿನಿಕ್ಕಿನ ದಿನವೇ, ಅದೇ ಸಾಲಿನಲ್ಲಿ, ನೋವಿನ ಕ್ಲಿನಿಕ್ಕನ್ನೂ ಫಿಸಿಯೊಥೆರಪಿಯನ್ನೂ ಇಟ್ಟರೆ ಹೊಸ ಕಟ್ಟಡವೂ ಬೇಡ, ಹೊರಗೆ 'ಮಾನಸಿಕ' ಎಂಬ ಬೋರ್ಡಿನ ಕೆಳಗೆ ಕಾದು ಕೂರುವ ಸಂಕೋಚವೂ ರೋಗಿಗೆ ಇರುವುದಿಲ್ಲ. ನೋವು ಎಲ್ಲಿ ಎಂದು ಕೇಳಿದ ವೈದ್ಯರೇ ರಾತ್ರಿ ನಿದ್ದೆ ಹೇಗಿದೆ, ಏನು ಕೆಲಸ, ಎಷ್ಟು ಹೊತ್ತು ಕೂತಿರುತ್ತೀರಿ, ಬೇಸರ ಎಷ್ಟು ದಿನದಿಂದ ಎಂದೂ ಕೇಳಬೇಕು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು, ವೈದ್ಯರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ-ಆತಂಕಗಳ ಆರೈಕೆ ಸಾಧ್ಯವೆಂದು 2010ರಲ್ಲಿ ಪ್ರಕಟವಾದ ಪ್ರಯೋಗದಿಂದ ತೋರಿಸಿದ್ದಾರೆ. ತುಳು, ಕೊಂಕಣಿ, ಬ್ಯಾರಿ ಬಲ್ಲ ಆಶಾ ಕಾರ್ಯಕರ್ತೆಯರಿರುವ ಜಿಲ್ಲೆಗೆ ಅದು ಅಸಾಧ್ಯವಾಗಬೇಕಿಲ್ಲ.

ಹೊಸ ಔಷಧಗಳಿಗಾಗಿ ಕಾಯುವುದು ಇಂತಹ ಆರೈಕೆಗೆ ಬದಲಿಯಾಗದು. ನೋವಿನ ನರದ ಮತ್ತೊಂದು ಸೋಡಿಯಂ ದ್ವಾರವನ್ನು ಮುಚ್ಚುವ ಸುಜೆಟ್ರಿಜಿನ್ ಎಂಬ ಮಾತ್ರೆಗೆ ಅಮೆರಿಕ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತಾದರೂ ಅದು ಕೊಟ್ಟದ್ದು ಶಸ್ತ್ರಚಿಕಿತ್ಸೆಯ ನಂತರದಂತಹ ಅಲ್ಪಕಾಲದ ನೋವಿಗೆ ಮಾತ್ರ. ಮೇಲಾಗಿ, ಚೆನ್ನಾಗಿ ನಿದ್ದೆ ಮಾಡಿ, ವ್ಯಾಯಾಮ ಕಲಿತು, ಮಾತ್ರೆ ತೆಗೆದುಕೊಂಡು ಸುಧಾರಿಸಿದ ಹೆಂಗಸು ಮರುದಿನ ಮತ್ತೆ ಅದೇ ಜಗಲಿಯಲ್ಲಿ ಕತ್ತು ಬಗ್ಗಿಸಿ ಕೂರಬೇಕಾಗಿದೆ. ಗಂಟೆಗೊಮ್ಮೆ ಎದ್ದು ಓಡಾಡಿ ಎಂದು ವೈದ್ಯರು ಹೇಳುವ ಮಾತು ಸಾವಿರಕ್ಕಿಷ್ಟು ಎಂಬ ಕೂಲಿಯ ಲೆಕ್ಕದಲ್ಲಿ ನಷ್ಟದ ಬಾಬ್ತು. ಕೂರುವ ಎತ್ತರ, ಬೆನ್ನಿಗೆ ಆಸರೆ, ಕೂಲಿ ಕಡಿತವಿಲ್ಲದ ಬಿಡುವು ಇವುಗಳ ಬಗ್ಗೆ ಚೀಟಿ ಬರೆಯುವ ಅಧಿಕಾರ ಯಾವ ವೈದ್ಯರಿಗೂ ಇಲ್ಲ. ಬೀಡಿ ಕಂಪನಿಗಳು, ಗೇರುಬೀಜ ಕಾರ್ಖಾನೆಗಳ ಮಾಲೀಕರು, ಕಾರ್ಮಿಕ ಇಲಾಖೆ ಮತ್ತು ಬೀಡಿ ಕಾರ್ಮಿಕರ ಸಂಘಟನೆಗಳು ದರದ ಮಾತುಕತೆಗೆ ಕೂತಾಗ, ತುಟ್ಟಿಭತ್ಯೆಯ ಜೊತೆಗೆ ಈ ಬಿಡುವಿನ ಪ್ರಶ್ನೆಯನ್ನೂ ಮೇಜಿನ ಮೇಲೆ ಇಡಬೇಕಾಗಿದೆ.